‘ಶ್ಯಾಬಿ’ಗೆ ಸರಿಯಾದ ಕನ್ನಡ ಹುಡುಕುವುದು ಹೇಗೆ: ಸವೆದ, ಕಳೆಗುಂದಿದ ವಸ್ತುಗಳ ಇಂಗ್ಲಿಷ್ ಮಾತುಗಳು

ಇಂಗ್ಲಿಷಿನ ‘ಶ್ಯಾಬಿ’ಗೆ ಹರಕು, ಕೊಳಕು, ಜೀರ್ಣ, ಹೀನ ಎಂದು ಅರ್ಥಗಳನ್ನು ಸಾಲಾಗಿ ಕೊಡುವುದು ಸುಲಭ. ಆ ಸಾಲಿನಿಂದ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಂಡಾಗಲೇ ಅನುವಾದ ಎಡವುವುದು. ಶ್ಯಾಬಿಯಾದ ವಸ್ತು ಹರಿದಿರಲೇಬೇಕೆಂದಿಲ್ಲ, ಕೊಳೆಯಾಗಿರಬೇಕೆಂದಿಲ್ಲ, ತೀರಾ ಹಳೆಯದೂ ಆಗಿರಬೇಕಿಲ್ಲ. ಬಳಸಿ ಬಳಸಿ ಸವೆದಿದೆ, ರಿಪೇರಿ ಮಾಡುವವರ ಕೈ ಬಹಳ ದಿನದಿಂದ ಅದರ ಮೇಲೆ ಬಿದ್ದಿಲ್ಲ, ಹಾಗಾಗಿ ಕಳೆ ಹೋಗಿದೆ. ಇಷ್ಟು ಸೇರಿದರೆ ಶ್ಯಾಬಿ. ನೂರು ವರ್ಷದ ಮೇಜಿಗೆ ವರ್ಷವರ್ಷ ಪಾಲಿಶ್ ಬೀಳುತ್ತಿದ್ದರೆ ಅದನ್ನು ಯಾರೂ ಶ್ಯಾಬಿ ಎನ್ನುವುದಿಲ್ಲ. ಐದು ವರ್ಷದ ಸೋಫಾ ನೋಡುವವರಿಲ್ಲದೆ ಶ್ಯಾಬಿಯಾಗಬಹುದು.

ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಇಂಗ್ಲಿಷಿನಲ್ಲಿ ‘ಶ್ಯಾಬಿ ಬಟ್ ಕ್ಲೀನ್’ ಎಂಬ ಜೋಡಿ ಮಾತು ಧಾರಾಳವಾಗಿ ಓಡಾಡುತ್ತದೆ. ನೀವು ಆರಿಸಿದ ಕನ್ನಡ ಪದವನ್ನು ಇದರೊಳಗೆ ಕೂರಿಸಿ ನೋಡಿ. ‘ಕೊಳಕಾದರೂ ಸ್ವಚ್ಛ’ ಅಂದರೆ ಅಲ್ಲೇ ಬಿದ್ದುಹೋಗುತ್ತದೆ. ‘ಮಾಸಿದ್ದರೂ ಸ್ವಚ್ಛ’ ಎಂಬುದಕ್ಕೂ ಅದೇ ಗತಿ, ಏಕೆಂದರೆ ಮಾಸುವುದರಲ್ಲಿ ಕೊಳೆಯ ಅರ್ಥ ಇದ್ದೇ ಇದೆ. ‘ಸವೆದು ಬಣ್ಣಗೆಟ್ಟಿದ್ದರೂ ಚೊಕ್ಕಟವಾಗಿತ್ತು’ ನಿಲ್ಲುತ್ತದೆ. ಈ ಪರೀಕ್ಷೆ ದಾಟದ ಪದವನ್ನು ಬಳಸಲೇಬಾರದೆಂದಲ್ಲ. ಮೂಲದಲ್ಲಿ ಕೊಳೆಯ ಸುಳಿವು ಬೇರೆ ಕಡೆಯಿಂದ ಸಿಕ್ಕಾಗ ಮಾತ್ರ ಬಳಸಿ.

ಉಚ್ಚಾರಣೆ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಮೊದಲ ಸ್ವರ ‘ಬ್ಯಾಟ್’, ‘ಕ್ಯಾಪ್’ಗಳಲ್ಲಿ ಇರುವುದೇ. ಬರಹದಲ್ಲಿ ಬಕಾರ ಎರಡಿದ್ದರೂ ಒತ್ತಕ್ಷರದಂತೆ ಒತ್ತಿ ಹೇಳಬೇಡಿ. ಇಂಗ್ಲಿಷಿನಲ್ಲಿ ಆ ಜೋಡಿ ಹಿಂದಿನ ಸ್ವರ ಹ್ರಸ್ವ ಎಂದು ತೋರಿಸುವ ಗುರುತು ಅಷ್ಟೇ. ‘ಶಬ್ಬಿ’ ಎಂದರೆ ಎದುರಿನವರಿಗೆ ‘ಚಬ್ಬಿ’, ಅಂದರೆ ಗುಂಡುಗುಂಡಗಿರುವ, ಎಂದು ಕೇಳಿಸೀತು. ಹೋಲಿಕೆಯ ರೂಪಗಳು ಶ್ಯಾಬಿಯರ್, ಶ್ಯಾಬಿಯೆಸ್ಟ್. ಕ್ರಿಯಾವಿಶೇಷಣ ಶ್ಯಾಬಿಲಿ, ಭಾವನಾಮ ಶ್ಯಾಬಿನೆಸ್. ಬರೆಯುವಾಗ ಈ ನಾಲ್ಕರಲ್ಲೂ ಕೊನೆಯ ‘ವೈ’ ಹೋಗಿ ‘ಐ’ ಬರುತ್ತದೆ.

ದೂರದ ನೋಟ, ಹತ್ತಿರದ ನೋಟ

ಸವೆತದ ಪದಗಳಲ್ಲಿ ಎರಡು ಜಾತಿ. ಕೆಲವು ಸವೆದ ಜಾಗವನ್ನು ಬೆರಳಿಟ್ಟು ತೋರಿಸುತ್ತವೆ. ಕೆಲವು ಇಡೀ ವಸ್ತುವನ್ನು ಒಂದೇ ನೋಟದಲ್ಲಿ ತೂಗುತ್ತವೆ. ಶ್ಯಾಬಿ ಎರಡನೆಯ ಜಾತಿಯದು. ಇದು ಗೊತ್ತಾಗಲು ಒಂದು ಹಳೇ ಉಣ್ಣೆ ಕೋಟನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು.

ಹೊಸ ಉಣ್ಣೆ ಬಟ್ಟೆಯ ಮೇಲೆ ಸಣ್ಣ ನವಿರಿನ ಹೊದಿಕೆ ಇರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ನ್ಯಾಪ್’ ಎಂಬ ಹೆಸರು (ಹಗಲು ನಿದ್ದೆಯ ನ್ಯಾಪ್ ಬೇರೆಯೇ ಪದ). ಮೊಣಕೈ ಊರುವ ಕಡೆ, ಕೂರುವ ಕಡೆ ಉಜ್ಜಾಟಕ್ಕೆ ಆ ನವಿರು ಮೊದಲು ಮಲಗಿ ಚಪ್ಪಟೆಯಾಗುತ್ತದೆ. ಮಟ್ಟಸವಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುವುದರಿಂದ ಅಲ್ಲಿ ಮಿರುಗು ಕಾಣುತ್ತದೆ. ಹೀಗಾಗಿ ಕಥೆಯೊಂದರಲ್ಲಿ ಗುಮಾಸ್ತನ ಸೂಟು ‘ಶೈನಿ’ ಎಂದು ಬಂದರೆ ಅದನ್ನು ಫಳಫಳ ಹೊಳೆಯುವ ಸೂಟು ಎಂದು ಮಾಡಬೇಡಿ; ತಿಕ್ಕಾಡಿ ತಿಕ್ಕಾಡಿ ಮಿರುಗು ಹತ್ತಿದ ಸೂಟು ಅದು, ಬಡತನದ ಗುರುತು. ಮುಂದಿನ ಹಂತದಲ್ಲಿ ನವಿರು ಉದುರಿ ನೇಯ್ಗೆಯ ಹಾಸುಹೊಕ್ಕು ಬೆತ್ತಲಾಗುತ್ತದೆ. ಅದು ‘ಥ್ರೆಡ್‌ಬೇರ್’, 14ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿರುವ ಮಾತು. ಎಳೆ ಕಾಣುವಷ್ಟು ಸವೆದ ಎನ್ನಬಹುದು. ಬಟ್ಟೆ ತೆಳುವಾಗಿ ಬೆಳಕು ಹಾಯುವಂತಿದ್ದರೆ ಜಾಳುಜಾಳಾದ ಎಂಬುದು ಇನ್ನೂ ಹೊಂದುತ್ತದೆ. ತೋಳಿನ ತುದಿಯಲ್ಲಿ, ಕಾಲರಿನ ಮಡಿಕೆಯಲ್ಲಿ ಎಳೆ ಬಿಟ್ಟುಕೊಂಡು ಜೂಲೆದ್ದರೆ ‘ಫ್ರೇಡ್’. ಈ ಪದಕ್ಕೆ ಅಂಚು ಬೇಕೇ ಬೇಕು: ಹಗ್ಗದ ತುದಿ, ಕಾರ್ಪೆಟ್ಟಿನ ಅಂಚು, ವೈರಿನ ಹೊದಿಕೆ. ನಡುಬಟ್ಟೆಯಲ್ಲಿ ಸವೆದರೆ ಫ್ರೇಡ್ ಎನ್ನುವುದು ಕಡಿಮೆ. ಹುಳು ತಿಂದು ತೂತಾದರೆ ‘ಮಾತ್-ಈಟನ್’, ಮೊಣಕೈ ಆಚೆ ಬಂದರೆ ‘ಔಟ್ ಅಟ್ ಎಲ್ಬೋಸ್’, ಹರಿದು ಜೋತುಬಿದ್ದರೆ ‘ಟ್ಯಾಟರ್ಡ್’ ಅಥವಾ ‘ರ್‍ಯಾಗಿಡ್’.

ಈ ರ್‍ಯಾಗಿಡ್ ಅನ್ನು ಎರಡು ಉಸಿರಿನಲ್ಲಿ ‘ರ್‍ಯಾ-ಗಿಡ್’ ಎಂದೇ ಹೇಳಬೇಕು. ಕಾಲೇಜಿನ ರ್‍ಯಾಗಿಂಗ್‌ನ ಭೂತಕಾಲ ‘ರ್‍ಯಾಗ್ಡ್’, ಒಂದೇ ಉಸಿರು. ಬರಹದಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ ಗಟ್ಟಿಯಾಗಿ ಓದುವಾಗ ಎಡವುವವರು ಬಹಳ.

ಇಷ್ಟೆಲ್ಲ ಹತ್ತಿರದಿಂದ ಕಂಡದ್ದು. ಅದೇ ಕೋಟನ್ನು ಹತ್ತು ಅಡಿ ಆಚೆಯಿಂದ ನೋಡಿದವರು ಅಂಚು, ಎಳೆ, ತೂತು ಎಂದು ಎಣಿಸುವುದಿಲ್ಲ. ‘ಶ್ಯಾಬಿ’ ಎಂದು ಮುಗಿಸುತ್ತಾರೆ. ಆದ್ದರಿಂದ ಮೂಲದಲ್ಲಿ ಬರೀ ಶ್ಯಾಬಿ ಇದ್ದಾಗ ಕನ್ನಡದಲ್ಲೂ ಒಟ್ಟು ನೋಟದ ಪದವೇ ಬರಲಿ: ಕಳೆಗುಂದಿದ, ಸವೆದು ಹಳತಾದ, ಬಣ್ಣಗೆಟ್ಟ. ಬರಹಗಾರ ಹೇಳದ ಹರಕನ್ನು ನಾವೇ ಹರಿಯುವುದು ಬೇಡ. ಅನುವಾದದಲ್ಲಿ ‘ಹರಿದ ಕೋಟು’ ಎಂದು ಬಂದು, ಎರಡು ಪುಟ ಕಳೆದ ಮೇಲೆ ಅದೇ ಕೋಟು ತೊಟ್ಟವನನ್ನು ಗಣ್ಯರ ಸಭೆಯಲ್ಲಿ ಕೂರಿಸಿದರೆ ಓದುವವರಿಗೆ ತಲೆಬುಡ ತಿಳಿಯದು.

ಮುಂದಿನ ನಾಮಪದವನ್ನು ಮೊದಲು ಓದಿ

ಪದ ಆರಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಾಮಪದದ್ದು. ಶ್ಯಾಬಿ ಯಾವುದಕ್ಕೆ ಅಂಟಿದೆ ಎಂದು ನೋಡಿದ ಮೇಲೆಯೇ ಕನ್ನಡ ಹುಡುಕಿ.

ಮನೆ, ಹೋಟೆಲು, ಕಚೇರಿಯಂಥ ಕಟ್ಟಡಕ್ಕೆ ಅಂಟಿದ್ದರೆ ‘ಸುಣ್ಣಬಣ್ಣ ಕಾಣದ’ ಎಂಬುದಕ್ಕಿಂತ ಒಳ್ಳೆಯ ಮಾತು ಸಿಗುವುದು ಕಷ್ಟ. ಕಟ್ಟಡದ ವಿಷಯದಲ್ಲಿ ಇಂಗ್ಲಿಷಿಗೆ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ, ಅವನ್ನು ಕಲಸಬಾರದು. ಬಣ್ಣ ಹೊಡೆಸಿ ಪರದೆ ಬದಲಿಸಿದರೆ ಸರಿಹೋಗುವಂಥದು ಶ್ಯಾಬಿ. ನಲ್ಲಿ, ವೈರಿಂಗು, ಬಾಗಿಲು ಎಂದು ಒಂದೊಂದೇ ಕೆಡುತ್ತಾ ಬಂದು ಯಾರೂ ನೋಡಿಕೊಳ್ಳದಿದ್ದರೆ ‘ರನ್-ಡೌನ್’. ಗೋಡೆ ಬಿರಿದು, ಸೂರು ಕುಸಿಯುತ್ತಿದ್ದು, ಗಾರೆಯವರನ್ನೇ ಕರೆಯಬೇಕಾದರೆ ‘ಡಿಲ್ಯಾಪಿಡೇಟೆಡ್’. ಕನ್ನಡದ ಶಿಥಿಲ ಇಲ್ಲಿಗೆ ಸರಿ. ಒಡೆಯರೇ ಬಿಟ್ಟುಹೋಗಿದ್ದರೆ ‘ಡೆರೆಲಿಕ್ಟ್’, ಅಂದರೆ ಪಾಳುಬಿದ್ದದ್ದು. ‘ಕಂಡೆಮ್ಡ್ ಬಿಲ್ಡಿಂಗ್’ ಎಂದರೆ ಯಾರೋ ಖಂಡಿಸಿದ ಕಟ್ಟಡವಲ್ಲ, ವಾಸಕ್ಕೆ ಯೋಗ್ಯವಲ್ಲವೆಂದು ಅಧಿಕಾರಿಗಳು ಸಾರಿದ ಕಟ್ಟಡ. ಹಲಗೆ, ತಗಡು ಸೇರಿಸಿ ಹೇಗೋ ನಿಲ್ಲಿಸಿದ್ದು, ತಳ್ಳಿದರೆ ಬೀಳುವಂತಿರುವುದು ‘ರ್‍ಯಾಮ್‌ಶ್ಯಾಕಲ್’. ಇದು ಕೊಳ್ಳೆ ಹೊಡೆ ಎಂಬರ್ಥದ ‘ರ್‍ಯಾನ್‌ಸ್ಯಾಕ್’ ಪದದ ಬಳಗಕ್ಕೆ ಸೇರಿದ್ದು.

ಡಿಲ್ಯಾಪಿಡೇಟೆಡ್‌ನ ಹೊಟ್ಟೆಯಲ್ಲಿ ಲ್ಯಾಟಿನಿನ ‘ಲಾಪಿಸ್’, ಕಲ್ಲು ಇದೆ. ಹಾಗಾಗಿ ಕಟ್ಟಡಕ್ಕೆ ಅದು ಸಹಜ, ಗಾಡಿಗೂ ನಡೆಯುತ್ತದೆ, ಅಂಗಿಗೆ ನಡೆಯದು. ಇದರದೇ ನಾಮಪದ ‘ಡಿಲ್ಯಾಪಿಡೇಶನ್ಸ್’ ಬಹುವಚನದಲ್ಲಿ ಬ್ರಿಟನ್ನಿನ ಬಾಡಿಗೆ ಕರಾರುಗಳಲ್ಲಿ ಕಂಡರೆ ಹುಷಾರಾಗಿರಿ. ಅಲ್ಲಿ ಅದು ಬಾಡಿಗೆದಾರ ಜಾಗ ಬಿಡುವಾಗ ಮಾಡಿಸಿಕೊಡಬೇಕಾದ ಅಥವಾ ಹಣ ತೆರಬೇಕಾದ ದುರಸ್ತಿಯ ಬಾಬ್ತು. ಅದೇ ಕರಾರಿನಲ್ಲಿ ‘ಫೇರ್ ವೇರ್ ಅಂಡ್ ಟೇರ್’ ಇರುತ್ತದೆ. ಅಮೆರಿಕದಲ್ಲಿ ‘ಫೇರ್’ ಬದಲು ‘ನಾರ್ಮಲ್’ ಅಥವಾ ‘ಆರ್ಡಿನರಿ’. ಇದನ್ನು ಬರೀ ‘ಸವಕಳಿ’ ಎಂದು ಬರೆದರೆ ಲೆಕ್ಕಪತ್ರದ ಡಿಪ್ರಿಸಿಯೇಶನ್ ಎಂದು ಓದಿಕೊಳ್ಳುವವರಿದ್ದಾರೆ. ‘ಬಳಕೆಯಿಂದಾಗುವ ಸಹಜ ಸವೆತ’ ಎಂದು ಬಿಡಿಸಿ ಬರೆಯುವುದು ಮೇಲು.

ಗಾಡಿ, ಸೈಕಲ್ಲಿಗೆ ಬಂದರೆ ಇಂಗ್ಲಿಷರೇ ಶ್ಯಾಬಿಯನ್ನು ಹೆಚ್ಚು ಬಳಸುವುದಿಲ್ಲ. ಅಮೆರಿಕದವರು ‘ಬೀಟ್-ಅಪ್’, ಬ್ರಿಟಿಷರು ‘ಕ್ಲ್ಯಾಪ್ಡ್-ಔಟ್’ ಎನ್ನುತ್ತಾರೆ. ಮೊದಲನೆಯದು ತಗ್ಗುನುಗ್ಗಾದ ಮೈಯನ್ನು ಹೇಳುತ್ತದೆ, ಎರಡನೆಯದು ಒಳಗಿನ ಯಂತ್ರವೇ ಕೈಕೊಟ್ಟಿರುವುದನ್ನು. ನಮ್ಮಲ್ಲಿ ಎರಡಕ್ಕೂ ಲಡಾಸು, ಡಕೋಟ ರೆಡಿ ಇವೆ, ಸಂಕೋಚವಿಲ್ಲದೆ ಬಳಸಿ. ‘ಜೀರ್ಣಗೊಂಡ ವಾಹನ’ ಎಂದು ಬರೆಯುವುದಕ್ಕಿಂತ ಓದುಗರಿಗೆ ನೂರು ಪಾಲು ಹತ್ತಿರ.

ಮನುಷ್ಯರಿಗೆ ಅಂಟಿದಾಗ ಸೂಕ್ಷ್ಮ ಹೆಚ್ಚು. ‘ಶ್ಯಾಬಿ ಮ್ಯಾನ್’ನಲ್ಲಿ ಹಳತಾಗಿರುವುದು ಆ ಮನುಷ್ಯನ ಉಡುಪು, ಕಾರಣ ಸಾಮಾನ್ಯವಾಗಿ ಕೈಯಲ್ಲಿ ಕಾಸಿಲ್ಲದಿರುವುದು. ‘ಸ್ಕ್ರಫಿ’ ಎಂದರೆ ಕಾಸಿನ ಮಾತಲ್ಲ, ಗಮನದ ಮಾತು: ಬಾಚದ ತಲೆ, ಕೆರೆಯದ ಗಡ್ಡ, ಇಸ್ತ್ರಿ ಕಾಣದ ಅಂಗಿ. ಲಕ್ಷಾಧೀಶ್ವರ ಸ್ಕ್ರಫಿಯಾಗಿರಬಹುದು. ಇನ್ನೊಂದು ವ್ಯತ್ಯಾಸ, ಸ್ಕ್ರಫಿಯಲ್ಲಿ ಕೆಲವು ಸಲ ಮುದ್ದೂ ಇರುತ್ತದೆ. ಕೂದಲು ಕೆದರಿದ ನಾಯಿಮರಿಯನ್ನು ಸ್ಕ್ರಫಿ ಎಂದರೆ ಬೈಗುಳಲ್ಲ. ಶ್ಯಾಬಿಯಲ್ಲಿ ಆ ಸಲಿಗೆ ಇಲ್ಲ, ಇರುವುದು ಒಂದಿಷ್ಟು ಮರುಕ ಅಥವಾ ಒಂದಿಷ್ಟು ತಿರಸ್ಕಾರ. ಯಾವುದು ಎಂಬುದನ್ನು ಮಾತಾಡುತ್ತಿರುವ ಪಾತ್ರದಿಂದ ತಿಳಿಯಬೇಕು.

‘ಶ್ಯಾಬಿ-ಜೆಂಟೀಲ್’ ಎಂಬ 18ನೇ ಶತಮಾನದ ಜೋಡಿಪದವನ್ನು ‘ಜೆಂಟಲ್’ ಎಂದು ಓದಿ ‘ಬಡ ಸಾಧು’ ಮಾಡಿಬಿಡುವುದುಂಟು. ಜೆಂಟೀಲ್ ಎಂದರೆ ಮೇಲುವರ್ಗದ ನಡೆನುಡಿ. ಕಾಲ ಕೆಟ್ಟರೂ ಠೀವಿ ಬಿಡದವರು, ತೇಪೆ ಹಾಕಿದ ಕೋಟಿಗೆ ಬ್ರಶ್ ಹೊಡೆದೇ ಹೊರಡುವವರು ಇದರ ವ್ಯಾಪ್ತಿಗೆ ಬರುತ್ತಾರೆ.

ನಡತೆಗೆ ಅಂಟಿದಾಗ

‘ಶ್ಯಾಬಿ ಟ್ರಿಕ್’, ‘ಶ್ಯಾಬಿ ಟ್ರೀಟ್‌ಮೆಂಟ್’ ಎಂದಾಗ ಸವೆದದ್ದು ವಸ್ತುವಲ್ಲ, ನ್ಯಾಯ. ಇಲ್ಲಿ ‘ನೀಚ’ ಎಂದು ಹಾಕುವ ಚಟ ಬಹಳ ಕಡೆ ಕಾಣುತ್ತದೆ, ಅದು ಜಾಸ್ತಿಯಾಯಿತು. ನೀಚ ಎಂದರೆ ಕೊಲೆಪಾತಕದ ಹತ್ತಿರ ಹೋಗುತ್ತದೆ. ಶ್ಯಾಬಿ ನಡತೆ ಸಣ್ಣತನ: ಇಪ್ಪತ್ತು ವರ್ಷ ದುಡಿದವರನ್ನು ಒಂದು ಮಾತೂ ಆಡದೆ ಕೆಲಸದಿಂದ ತೆಗೆಯುವುದು, ಹಂಚಿಕೊಂಡ ಖರ್ಚಿನಲ್ಲಿ ತನ್ನ ಪಾಲು ತೇಲಿಸಿಬಿಡುವುದು. ‘ದೇ ಟ್ರೀಟೆಡ್ ಹರ್ ಶ್ಯಾಬಿಲಿ’ಗೆ ‘ಅವಳನ್ನು ಕೇವಲವಾಗಿ ನಡೆಸಿಕೊಂಡರು’ ಎಂಬುದು ಅಚ್ಚುಕಟ್ಟಾಗಿ ಕೂರುತ್ತದೆ. ಶ್ಯಾಬಿ ಟ್ರಿಕ್ ಎಂದರೆ ಅಲ್ಪತನದ ಕೆಲಸ.

ಹಳೇ ಬಟ್ಟೆಯ ಪದ ನಡತೆಗೆ ಏಕೆ ಬಂತು? ಬೇರನ್ನು ನೋಡಿದರೆ ಇದು ಮೊದಲಿನಿಂದಲೂ ಒಂದೇ ಮೂಲೆಯಲ್ಲಿತ್ತು. ಹಳೇ ಇಂಗ್ಲಿಷಿನ ‘ಶ್ಯಾಬ್’ ಎಂದರೆ ಗಾಯದ ಹಕ್ಕಳೆ, ಕುರಿಗಳಿಗೆ ಹತ್ತುವ ಕಜ್ಜಿ. ಆಮೇಲೆ ಕೀಳು ಮನುಷ್ಯ ಎಂಬ ಬೈಗುಳ. 17ನೇ ಶತಮಾನದ ಉತ್ತರಾರ್ಧದಲ್ಲಿ ಶ್ಯಾಬಿ ಎಂಬ ವಿಶೇಷಣ ಬಳಕೆಗೆ ಬಂತು. ಹಕ್ಕಳೆಗೆ ಈಗ ಇರುವ ‘ಸ್ಕ್ಯಾಬ್’ ಇದೇ ಪದದ ಸ್ಕ್ಯಾಂಡಿನೇವಿಯನ್ ಒಡಹುಟ್ಟು. ಷರ್ಟು ಮತ್ತು ಸ್ಕರ್ಟು ಹೀಗೆಯೇ ಒಂದೇ ಬೇರಿನ ಎರಡು ಕವಲು. ಮುಷ್ಕರ ಮುರಿದು ಕೆಲಸಕ್ಕೆ ಹೋಗುವವರನ್ನು ಸ್ಕ್ಯಾಬ್ ಎಂದು ಬೈಯುವುದೂ ಇದರಿಂದಲೇ. ವಿಚಿತ್ರವೆಂದರೆ ಈ ಬಳಗದ ಬಹಳ ಪದಗಳು ಚರ್ಮರೋಗದಿಂದ ಹುಟ್ಟಿವೆ. ಸ್ಕ್ರಫಿ ಬಂದದ್ದು ತಲೆಹೊಟ್ಟಿನ ‘ಸ್ಕರ್ಫ್’ನಿಂದ, ಅಕ್ಷರ ಅದಲುಬದಲಾಗಿ. ‘ಮೇಂಜಿ’ ಬಂದದ್ದು ನಾಯಿಗಳ ಮೈ ಬೋಳಾಗಿಸುವ ಕಜ್ಜಿ ‘ಮೇಂಜ್’ನಿಂದ. ಮೇಂಜಿ ಕಂಬಳಿ ಎಂದರೆ ಅಲ್ಲಲ್ಲಿ ರೋಮ ಉದುರಿ ಬೋಳಾದದ್ದು ಎಂದು ಅರ್ಥ ಹಿಡಿಯಲು ಈ ಚಿತ್ರ ಮನಸ್ಸಿನಲ್ಲಿದ್ದರೆ ಸಾಕು.

ವಾದ, ನೆಪ, ಹಾಸ್ಯಗಳಿಗೆ ಶ್ಯಾಬಿಗಿಂತ ಥ್ರೆಡ್‌ಬೇರ್ ಹೆಚ್ಚು ಬಳಕೆ. ಇಲ್ಲಿ ಕನ್ನಡಕ್ಕೆ ಸಿದ್ಧ ಮಾತು ಎರಡಿವೆ: ಸವಕಲು, ಹಳಸಲು. ಪದೇ ಪದೇ ಹೇಳಿ ಹುರುಳಿಲ್ಲದಂತಾದ ಮಾತು ಸವಕಲು. ಹೇಳಿದ್ದೇ ಹೇಳಿ ಕೇಳುವವರಿಗೆ ರೇಜಿಗೆ ಹುಟ್ಟಿಸುವ ಜೋಕು ಹಳಸಲು.

‘ನಾಟ್ ಟೂ ಶ್ಯಾಬಿ’

ಇದು ಹೊಗಳಿಕೆ. ಅಮೆರಿಕದ ಆಡುಮಾತಿನಲ್ಲಿ ಹೆಚ್ಚು. ‘ಅಷ್ಟೇನೂ ಹಳತಾಗಿಲ್ಲ’ ಎಂದು ಅನುವಾದಿಸಿದರೆ ಮಾತಿನ ಮರ್ಮ ಹೋಗುತ್ತದೆ. ಗೆಳೆಯ ಮ್ಯಾರಥಾನ್ ಮುಗಿಸಿ ಬಂದು ಸಮಯ ಹೇಳಿದಾಗ ಎದುರಿನವರು ‘ನಾಟ್ ಟೂ ಶ್ಯಾಬಿ’ ಎಂದರೆ, ‘ಪರವಾಗಿಲ್ವೇ!’ ಅಥವಾ ‘ಕಮ್ಮಿಯೇನಿಲ್ಲ!’ ಎಂದು ಹುಬ್ಬೇರಿಸಿ ಹೇಳಿದಂತೆ. ಹೊಗಳಿಕೆಯನ್ನು ಬೇಕೆಂದೇ ತಗ್ಗಿಸಿ ಹೇಳುವ ವರಸೆ ಇದು. ಸಂದರ್ಶನದಲ್ಲೋ ಅಧಿಕೃತ ಪತ್ರದಲ್ಲೋ ಬಳಸುವಂಥದಲ್ಲ. (ಕನ್ನಡದ ಹುಡುಗರು ‘ಚಿಂದಿ ಗುರು!’ ಎಂದು ಹೊಗಳುವುದನ್ನು ಇಂಗ್ಲಿಷಿಗೆ ತರುವವರ ಪಾಡು ಇದಕ್ಕಿಂತ ಕಷ್ಟ.)

ಬೇಕೆಂದೇ ಹಳತು ಮಾಡಿದ್ದು

‘ಶ್ಯಾಬಿ ಚಿಕ್’ ಎಂಬ ಅಲಂಕಾರದ ಶೈಲಿ 1980ರ ದಶಕದಲ್ಲಿ ಹೆಸರು ಪಡೆಯಿತು. 1989ರಲ್ಲಿ ರೇಚಲ್ ಆಶ್‌ವೆಲ್ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿ ತೆರೆದ ಮೇಲೆ ಅದೊಂದು ಬ್ರಾಂಡೂ ಆಯಿತು. ಬಿಳಿ ಬಣ್ಣದ ಮೇಜಿನ ಅಂಚನ್ನು ಮರಳುಕಾಗದದಿಂದ ಉಜ್ಜಿ ಕೆಳಗಿನ ಮರ ಇಣುಕುವಂತೆ ಮಾಡುವುದು ಇದರ ಮಾದರಿ. ಇಲ್ಲಿ ಶ್ಯಾಬಿಯನ್ನು ಅನುವಾದಿಸಲು ಹೋಗಬೇಡಿ, ಹೆಸರನ್ನು ಹಾಗೆಯೇ ಇಟ್ಟು ಒಂದು ವಾಕ್ಯದಲ್ಲಿ ವಿವರಿಸಿ.

ಇದೇ ಅಂಗಡಿಗಳಲ್ಲಿ ‘ಡಿಸ್ಟ್ರೆಸ್ಡ್’ ಎಂಬ ಪದ ಬರುತ್ತದೆ. ಯಂತ್ರಾನುವಾದ ಇದನ್ನು ‘ಸಂಕಟದಲ್ಲಿರುವ ಮೇಜು’ ಮಾಡಿಬಿಡಬಹುದು. ಬೇಕೆಂದೇ ಹಳತಿನ ನೋಟ ಕೊಟ್ಟ ಮೇಜು ಎಂದು ಅದರ ಅರ್ಥ. ಡಿಸ್ಟ್ರೆಸ್ಡ್ ಜೀನ್ಸೂ ಹಾಗೆಯೇ. ಆದರೆ ‘ಡಿಸ್ಟ್ರೆಸ್ಡ್ ಪ್ರಾಪರ್ಟಿ’ ಎಂದರೆ ಪೂರಾ ಬೇರೆ: ಸಾಲ ತೀರಿಸಲಾಗದೆ ಮಾರಾಟಕ್ಕೆ ಬಂದ ಆಸ್ತಿ. ಕಟ್ಟಡ ಹೊಚ್ಚಹೊಸದಾಗಿದ್ದರೂ ಈ ಹೆಸರು ಬರಬಹುದು.

ಹಳೇ ಪುಸ್ತಕ ಕೊಳ್ಳುವವರಿಗೆ

ಆನ್‌ಲೈನ್‌ನಲ್ಲಿ ಇಂಗ್ಲಿಷಿನ ಹಳೇ ಪುಸ್ತಕ ಕೊಳ್ಳುವಾಗ ಸವೆತದ ಪದಗಳು ಹಣಕ್ಕೆ ನೇರ ಸಂಬಂಧಪಡುತ್ತವೆ. ಅಲ್ಲಿ ಶ್ಯಾಬಿ ಎಂಬ ದರ್ಜೆ ಇಲ್ಲ, ದರ್ಜೆಗಳ ಭಾಷೆಯೇ ಬೇರೆ. ಮೇಲಿನಿಂದ ಕೆಳಕ್ಕೆ ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್. ಮೋಸಹೋಗುವುದು ‘ಗುಡ್’ನಲ್ಲಿ. ಒಳ್ಳೆಯ ಸ್ಥಿತಿ ಎಂದು ಓದಿಕೊಂಡು ತರಿಸಿದರೆ ಬರುವುದು ಚೆನ್ನಾಗಿ ಬಳಸಿ ಸವೆದ ಪುಸ್ತಕ. ಪುಟಗಳೆಲ್ಲ ಇವೆ ಎಂಬುದಷ್ಟೇ ಖಾತ್ರಿ. ನೋಡಲು ಚಂದ ಇರಬೇಕೆಂದರೆ ಕನಿಷ್ಠ ವೆರಿ ಗುಡ್ ಇರಲಿ. ಓದಲು ಮಾತ್ರ ಸಾಕು ಎನ್ನುವಂಥದು ‘ರೀಡಿಂಗ್ ಕಾಪಿ’.

ದರ್ಜೆಯ ಪಕ್ಕದಲ್ಲಿ ಬರುವ ವಿವರಗಳನ್ನು ಹೀಗೆ ಓದಿ. ‘ಬಂಪ್ಡ್’ ಎಂದರೆ ರಟ್ಟಿನ ಮೂಲೆ ಪೆಟ್ಟು ತಿಂದು ಮೊಂಡಾಗಿದೆ. ‘ರಬ್ಡ್’, ಹೊದಿಕೆಯ ಮೇಲ್ಮೈ ಉಜ್ಜಿ ಬಣ್ಣ ಹೋಗಿದೆ. ‘ಚಿಪ್ಡ್’, ಮೇಲುಹೊದಿಕೆಯ ಅಂಚಿನಲ್ಲಿ ಸಣ್ಣ ಚೂರು ಹಾರಿವೆ. ‘ಫಾಕ್ಸ್ಡ್’ನಲ್ಲಿ ನರಿಯ ಸುದ್ದಿ ಏನೂ ಇಲ್ಲ, ಕಾಗದದ ಮೇಲೆ ಕಂದು ಚುಕ್ಕೆಗಳು ಮೂಡಿವೆ. ‘ಶೇಕನ್’ ಎಂದಿದ್ದರೆ ಎಚ್ಚರ; ಬೈಂಡು ಸಡಿಲವಾಗಿದೆ, ಮುಂದೆ ಹಾಳೆ ಕಳಚಬಹುದು. ‘ಡಾಗ್-ಈಯರ್ಡ್’ ಎಂದರೆ ಹಾಳೆಗಳ ಮೂಲೆ ಮಡಚಿವೆ. ಈ ಪಟ್ಟಿಯಲ್ಲಿ ಓದಿಗೆ ಅಡ್ಡಿಯಾಗುವುದು ಶೇಕನ್ ಒಂದೇ, ಉಳಿದವು ಕಣ್ಣಿಗೆ ಮಾತ್ರ.

ಬಟ್ಟೆ, ಪಾತ್ರೆ, ಪೀಠೋಪಕರಣಗಳ ಅಂಗಡಿಯಲ್ಲಿ ‘ಶಾಪ್-ಸಾಯಿಲ್ಡ್’ ಎಂದಿದ್ದರೆ ಯಾರೂ ಬಳಸಿಲ್ಲ, ಅಂಗಡಿಯಲ್ಲೇ ಇದ್ದು ಕೈತಾಗಿ ಧೂಳುಹಿಡಿದು ಕಳೆಗೆಟ್ಟಿದೆ. ಇದು ಬ್ರಿಟಿಷ್ ಮಾತು, ಅಮೆರಿಕದಲ್ಲಿ ‘ಶಾಪ್‌ವೋರ್ನ್’.

ಪಕ್ಕದ ಮನೆಯ ಪದಗಳು

‘ಟ್ಯಾಟಿ’ ಶ್ಯಾಬಿಗೆ ತೀರ ಹತ್ತಿರದ್ದು, ಹೆಚ್ಚಾಗಿ ಬ್ರಿಟಿಷರದು, ಮಾತಿನ ಭಾಷೆಯದು. 16ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಇದನ್ನು ಜಡೆಗಟ್ಟಿದ ಕೂದಲಿಗೆ ಹೇಳುತ್ತಿದ್ದರು. ಈಗಿನ ಅರ್ಥ 20ನೇ ಶತಮಾನದ್ದು. ಅಂಚುಗಳೆಲ್ಲ ಸುರುಟಿದ, ಸುಲಿದ, ಅಸ್ತವ್ಯಸ್ತವಾದ ಸಣ್ಣಪುಟ್ಟ ವಸ್ತುಗಳಿಗೆ ಇದು ಹೇಳಿಮಾಡಿಸಿದಂತಿದೆ: ಟ್ಯಾಟಿ ಪೋಸ್ಟರು, ಟ್ಯಾಟಿ ನೋಟುಪುಸ್ತಕ. ಟ್ಯಾಟರ್ಡ್‌ಗಿಂತ ಮೃದು. ಟ್ಯಾಟರ್ಡ್ ಹರಿದೇ ಹೋಗಿರಬೇಕು, ಟ್ಯಾಟಿಗೆ ಹರಿಯುವ ಅಗತ್ಯವಿಲ್ಲ. ನಡತೆಗೆ ಮಾತ್ರ ಟ್ಯಾಟಿ ಸಾಮಾನ್ಯವಾಗಿ ಹೋಗದು, ಅದು ಶ್ಯಾಬಿಯ ಜಾಗ.

‘ರ್‍ಯಾಟಿ’ ಎಂಬುದರಲ್ಲಿ ಸಾಗರದ ಎರಡು ದಡದವರಿಗೂ ಒಮ್ಮತವಿಲ್ಲ. ಅಮೆರಿಕದಲ್ಲಿ ರ್‍ಯಾಟಿ ಸ್ವೆಟರ್ ಎಂದರೆ ಸವೆದು ಹದಗೆಟ್ಟದ್ದು. ಬ್ರಿಟನ್ನಿನಲ್ಲಿ ‘ಶಿ ವಾಸ್ ರ್‍ಯಾಟಿ’ ಎಂದರೆ ಅವಳು ಸಿಡಿಮಿಡಿಯಲ್ಲಿದ್ದಳು. ಬರೆದವರು ಎಲ್ಲಿಯವರು ಎಂದು ಮೊದಲು ನೋಡಿಕೊಳ್ಳಿ.

‘ಸೀಡಿ’ ಬೀಜಕ್ಕೆ ತಿರುಗಿ ಸೊರಗಿದ ಗಿಡದಿಂದ ಬಂದದ್ದು. ಈಗ ಸೀಡಿ ಬಾರ್ ಎಂದರೆ ಹಳತು ಎಂಬುದರ ಜೊತೆಗೆ ಅಲ್ಲಿ ಮಾನವಂತರು ಕಾಲಿಡದಂಥ ವ್ಯವಹಾರ ನಡೆಯುತ್ತದೆ ಎಂಬ ಸೂಚನೆಯೂ ಇರುತ್ತದೆ. ಶ್ಯಾಬಿ ಬಾರ್‌ನಲ್ಲಿ ಆ ಸೂಚನೆ ಇಲ್ಲ. ಎರಡನ್ನೂ ‘ಹಳೆಯ ಬಾರು’ ಎಂದರೆ ಕಥೆಯ ಅರ್ಧ ಹೋಯಿತು.

‘ಟಾಡ್ರಿ’ಯನ್ನು ಈ ಗುಂಪಿಗೆ ಸೇರಿಸುವುದೇ ತಪ್ಪು, ಆದರೂ ಸೇರಿಸುತ್ತಾರೆ. ಅದು ಹೊಸದಾಗಿಯೇ ಇರುವ, ಅಗ್ಗದ, ಕಣ್ಣುಕುಕ್ಕುವ ವಸ್ತು. 679ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಈಲಿ ಊರಿನ ಮಹಿಳಾ ಸಂತ ಎಥೆಲ್‌ಡ್ರೆಡಾಗೆ ಆಡ್ರಿ ಎಂಬ ಹೆಸರೂ ಇತ್ತು. ಅವಳ ಹೆಸರಿನ ಜಾತ್ರೆಯಲ್ಲಿ ಮಾರುತ್ತಿದ್ದ ಕೊರಳಪಟ್ಟಿ ‘ಸೇಂಟ್ ಆಡ್ರೀಸ್ ಲೇಸ್’ ಸವೆದು ಟಾಡ್ರಿ ಆಯಿತು. ಕನ್ನಡದಲ್ಲಿ ಥಳುಕಿನ ಎಂದರೆ ಆಯಿತು. ‘ಟ್ಯಾಕಿ’ಯೂ ಅಭಿರುಚಿಗೇಡು ಎಂಬ ಅರ್ಥದ್ದು, ಬಣ್ಣದ ಡಬ್ಬಿಯ ಮೇಲಿನ ಟ್ಯಾಕಿ ಬೇರೆ ಪದ, ಇನ್ನೂ ಒಣಗದೆ ಕೈಗೆ ಅಂಟುವಂತಿದೆ ಎಂದು.

‘ಡಿಂಜಿ’ ಎಂದರೆ ಬೆಳಕಿಲ್ಲದ, ಹೊಗೆಬಣ್ಣಕ್ಕೆ ತಿರುಗಿದ ಕೋಣೆ. ಇದನ್ನು ‘ಡಿಂಗಿ’ ಎಂದು ಓದಿದರೆ ಸಣ್ಣ ದೋಣಿಯಾಗುತ್ತದೆ. ಆ ಪದದ ಕಾಗುಣಿತದಲ್ಲಿ ಹೆಚ್ಚುವರಿ ‘ಹೆಚ್’ ಇರುತ್ತದೆ.

ನೀವೇ ಇಂಗ್ಲಿಷ್ ಬರೆಯುವಾಗ

ವಿಶೇಷಣಗಳ ಸರಣಿಯಲ್ಲಿ ಶ್ಯಾಬಿ ಮುಂದೆ ನಿಲ್ಲುತ್ತದೆ, ಏಕೆಂದರೆ ಅದು ನೋಡುವವರ ಅಭಿಪ್ರಾಯ. ಆಮೇಲೆ ವಯಸ್ಸು, ಬಣ್ಣ, ವಸ್ತು: ‘ಎ ಶ್ಯಾಬಿ ಓಲ್ಡ್ ಬ್ರೌನ್ ಲೆದರ್ ಬ್ಯಾಗ್’. ‘ಎ ಬ್ರೌನ್ ಶ್ಯಾಬಿ ಲೆದರ್ ಓಲ್ಡ್ ಬ್ಯಾಗ್’ ಎಂದರೆ ಅರ್ಥವಾಗುತ್ತದೆ, ಕಿವಿಗೆ ಮುಳ್ಳು. ‘ಲುಕ್’, ‘ಗೆಟ್’, ‘ಗ್ರೋ’ ಕ್ರಿಯಾಪದಗಳ ಬಳಿ ಸಲೀಸಾಗಿ ಕೂರುತ್ತದೆ: ‘ದ ಕರ್ಟನ್ಸ್ ಆರ್ ಗೆಟಿಂಗ್ ಶ್ಯಾಬಿ’. ಯಾರದಾದರೂ ಮನೆಗೆ ಹೋದಾಗ ಅವರ ವಸ್ತುವಿಗೆ ಶ್ಯಾಬಿ ಎನ್ನುವುದು ಒರಟು. ಅಂಥ ಕಡೆ ಬ್ರಿಟಿಷರು ‘ಎ ಬಿಟ್ ಟೈರ್ಡ್’ ಎನ್ನುತ್ತಾರೆ. ಗೋಡೆ ಬಣ್ಣವೋ ಸೋಫಾವೋ ದಣಿದಿದೆ ಎಂದು ನಯವಾಗಿ ಸರಿಸಿಬಿಡುವ ಮಾತು. ಕೆಟ್ಟಿರದೆ ಬರೀ ಹಳೇ ಫ್ಯಾಶನ್ನಿನದಾದರೆ ‘ಡೇಟೆಡ್’.

‘ವೋರ್ನ್’, ‘ವೋರ್ನ್-ಔಟ್’, ‘ವೆಲ್-ವೋರ್ನ್’ ಮೂರನ್ನೂ ಬೇರೆ ಬೇರೆ ಇಡಿ. ವೋರ್ನ್ ಎಂದರೆ ಸವೆದ, ಇನ್ನೂ ಬಳಸಬಹುದು. ವೋರ್ನ್-ಔಟ್ ಎಂದರೆ ಬಳಕೆಗೆ ಬಾರದಷ್ಟು ಸವೆದ, ಮನುಷ್ಯರಾದರೆ ಸುಸ್ತಾಗಿ ಹೋದ. ವೆಲ್-ವೋರ್ನ್ ದಾರಿ ಎಲ್ಲರೂ ನಡೆದ ದಾರಿ, ವೆಲ್-ವೋರ್ನ್ ಮಾತು ಸವಕಲು ಮಾತು.

ಹಳೇ ಬರಹ ಕೈಗೆ ಬಂದರೆ

ಕಂಪನಿ ಸರ್ಕಾರದ ಕಾಲದ ಇಂಗ್ಲಿಷ್ ದಿನಚರಿ, ಪತ್ರಗಳಲ್ಲಿ ‘ಟ್ಯಾಟಿ’ ಕಂಡರೆ ಅದು ಹೆಚ್ಚಾಗಿ ವಿಶೇಷಣವೇ ಆಗಿರುವುದಿಲ್ಲ. ಬೇಸಿಗೆಯಲ್ಲಿ ಬಾಗಿಲು ಕಿಟಕಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದ ಲಾವಂಚದ ತಟ್ಟಿಗೆ ಆಗಿನ ಇಂಗ್ಲಿಷರು ಹಿಂದಿಯಿಂದ ಎತ್ತಿಕೊಂಡ ಹೆಸರು ಅದು. ಆ ಪದಕ್ಕಿಂತ ಮೊದಲು ‘ಎ’ ಅಥವಾ ‘ದ’ ಇದ್ದು, ಅದಾದ ಮೇಲೆ ಇನ್ನೊಂದು ನಾಮಪದ ಇಲ್ಲದಿದ್ದರೆ, ಒದ್ದೆ ಮಾಡುವ ಮಾತು ಹತ್ತಿರದಲ್ಲಿದ್ದರೆ, ತಟ್ಟಿ ಎಂದೇ ಬರೆಯಿರಿ. ಹಾಗೆಯೇ ಹಳೇ ಕಾದಂಬರಿಯ ಪಾತ್ರ ಬೆಳಿಗ್ಗೆ 'ಐ ಫೀಲ್ ಸೀಡಿ' ಎಂದರೆ ಅವನ ಉಡುಪನ್ನು ನೋಡಬೇಕಿಲ್ಲ. ಅವನಿಗೆ ಮೈ ಸರಿಯಿಲ್ಲ, ಬಹುಶಃ ಹಿಂದಿನ ರಾತ್ರಿ ಕುಡಿದದ್ದು ಹೆಚ್ಚಾಗಿದೆ.